ಉಸಿರು ತಗೊಳ್ಳೋ ಜಾಗ

ತಿಮ್ಮರಾಜುವಿನ ಗಿಟಾರಿನಿಂದ ಹೊರಟ ಕರಿಯ ವೈರು ವೇದಿಕೆಯ ಕೆಂಪು ಕಾರ್ಪೆಟ್ಟಿನ ಕೆಳಗೆ ನುಗ್ಗುತ್ತದೆ. ಅಲ್ಲಿಂದ ಮುಂದೆ ಅದು ಎಲ್ಲಿಗೆ ಹೋಗುತ್ತದೆ ಎಂದು ಇವತ್ತಿನವರೆಗೂ ಯಾರೂ ಬಗ್ಗಿ ನೋಡಿಲ್ಲ. ಮದುವೆಗೆ ಬಂದವರಿಗೆ ಊಟದ ಪಂಕ್ತಿಯ ಚಿಂತೆ, ಗಂಡು ಹೆಣ್ಣಿನ ಕಡೆಯವರಿಗೆ ಫೋಟೋದ ಚಿಂತೆ. ಬೇಸ್ ಗಿಟಾರಿನ ವೈರು ಹಿಡಿದುಕೊಂಡು ಹೋಗಿ ತುದಿ ಹುಡುಕುವಷ್ಟು ಪುರುಸೊತ್ತು ಯಾರಿಗಿದೆ? ಹುಡುಕಿದರೂ ಸಿಗುವುದು ಇಷ್ಟೇ. ಎರಡು ಮೊಳ ದೂರ ಹೋದ ವೈರು ಅಲ್ಲೇ ಸುರುಳಿ ಸುತ್ತಿಕೊಂಡು ಮಲಗಿರುತ್ತದೆ. ಅದರ ತುದಿಯನ್ನು ಯಾವ ಸ್ಪೀಕರ್ ಡಬ್ಬಕ್ಕೂ ಚುಚ್ಚಿಲ್ಲ.

ಹೀಗೆ ಎರಡು ವರ್ಷವಾಯಿತು. ಹಿಂದೆ ಕಟ್ಟಿದ ಬ್ಯಾನರಿನಲ್ಲಿ 'ಜಯಮಂಗಲಿ ಮೆಲೋಡೀಸ್, ಮಧುಗಿರಿ. ಎಂಟು ಜನ ಕಲಾವಿದರಿಂದ ರಸಮಂಜರಿ' ಎಂದು ಬರೆದಿದೆ. ಕಾರ್ಯಕ್ರಮ ಮಾಡಿಸುವವರು ವೇದಿಕೆಯ ಮೇಲೆ ತಲೆ ಎಣಿಸುತ್ತಾರೆ. ಏಳೇ ಇದ್ದರೆ 'ಇನ್ನೊಬ್ರೆಲ್ಲಿ?' ಎಂದು ಜಗಳಕ್ಕೆ ಬರುತ್ತಾರೆ. ಅದಕ್ಕಾಗಿ ಎಂಟು ಜನ ನಿಂತಿರುತ್ತಾರೆ. ಅವರಲ್ಲಿ ಹಾಡುವವರು ಮಾತ್ರ ನಿಜವಾಗಿ ಹಾಡುತ್ತಾರೆ. ಉಳಿದ ಡೋಲಕ್ಕು, ಕೊಳಲು, ಪಿಟೀಲು, ಬೇಸು ಎಲ್ಲವೂ ಒಂದು ಪೆನ್‌ಡ್ರೈವಿನಿಂದ ಬರುತ್ತವೆ. ಆರ್ಕೆಸ್ಟ್ರಾದವರು ಇದನ್ನು ಟ್ರ್ಯಾಕು ಎನ್ನುತ್ತಾರೆ. ಟ್ರ್ಯಾಕಿಗೆ ತಕ್ಕಂತೆ ಬೆರಳಾಡಿಸುತ್ತಾ ನಿಲ್ಲುವುದು ಉಳಿದವರ ಕೆಲಸ.

ಡೋಲಕ್ಕಿನ ಶಂಕರಲಿಂಗಪ್ಪ ಒಂದು ದಿನವೂ ಇದನ್ನು ಒಪ್ಪಲಿಲ್ಲ. 'ಬಟ್ಟೆ ಅಂಗ್ಡೀಲಿ ಸೀರೆ ಉಡ್ಸಿ ನಿಲ್ಸಿರ್ತಾರಲ್ಲ ಗೊಂಬೆ, ಅದ್ನೇ ತಂದು ಕುಂಡ್ರುಸ್ಕಳಿ' ಎಂದು ಹೇಳಿ, ಡೋಲಕ್ಕನ್ನು ಚೀಲಕ್ಕೆ ತುಂಬಿಕೊಂಡು ಪಾವಗಡದ ಬಸ್ಸು ಹತ್ತಿದ. ಈಗ ಬಲಸಮುದ್ರದ ಹತ್ತಿರ ಸೋಲಾರ್ ಫಲಕಗಳ ಧೂಳು ತೊಳೆಯುತ್ತಾನಂತೆ. ತಿಮ್ಮರಾಜು ಹೋಗಲಿಲ್ಲ. ಮಾನ ಇಲ್ಲದವನು ಎಂದು ಕೆಲವರು ಆಡಿಕೊಂಡರು. ಅವನು ಹೋಗದಿದ್ದದ್ದಕ್ಕೆ ಕಾರಣ ಒಂದೇ ಇತ್ತು. ಆ ಕಾರಣದ ಹೆಸರು ಗಂಗಲಕ್ಷ್ಮಿ, ತಂಡದ ಗಾಯಕಿ. ಹಾಗೆಂದ ಕೂಡಲೇ ನೀವು ಬೇರೇನೋ ಎಣಿಸಬೇಡಿ. ಅವಳು ಅವನನ್ನು ಅಣ್ಣ ಎನ್ನುತ್ತಾಳೆ, ಅದನ್ನು ಬಾಯಿಮಾತಿಗೆ ಅಂದವಳೂ ಅಲ್ಲ.

ಹಗಲು ತಿಮ್ಮರಾಜು ಮಧುಗಿರಿ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ಸುಟ್ಟುಹೋದ ಬೋರ್‌ವೆಲ್ ಮೋಟಾರುಗಳಿಗೆ ಹೊಸ ತಾಮ್ರದ ತಂತಿ ಸುತ್ತುತ್ತಾನೆ. ಕಿವಿ ತಯಾರಾದದ್ದು ಅಲ್ಲಿಯೇ. ರಿಪೇರಿಯಾದ ಮೋಟಾರಿಗೆ ಕರೆಂಟು ಕೊಟ್ಟಾಗ ಏಳುವ ಗುಂಯ್ ಎಂಬ ಸದ್ದು ಬೇಸ್ ಗಿಟಾರಿನ ದಪ್ಪ ತಂತಿಯ ಮೂರನೇ ಮೆಟ್ಟಿಲಿನ ಸ್ವರಕ್ಕಿಂತ ಕೂದಲೆಳೆಯಷ್ಟು ಮೇಲಿರುತ್ತದೆ ಎಂದು ಅವನಿಗೆ ಗೊತ್ತು. ಇಷ್ಟು ದೊಡ್ಡ ವಿಷಯವನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳಲಾಗದೆ ಒಂದೆರಡು ಸಲ ಅಂಗಡಿಗೆ ಬಂದ ರೈತರಿಗೆ ಹೇಳಿದ್ದೂ ಉಂಟು. 'ಅದಿರ್ಲಿ, ನೀರೆತ್ತುತ್ತಾ?' ಎಂದು ಅವರು ಕೇಳಿದ್ದರು.

ಬೇಸ್ ಗಿಟಾರು ಅವನು ಬಯಸಿ ಹಿಡಿದದ್ದಲ್ಲ. ಇಪ್ಪತ್ತೆಂಟು ವರ್ಷದ ಹಿಂದೆ ಗಾಯಕನಾಗುತ್ತೇನೆಂದು ಎದೆಯುಬ್ಬಿಸಿಕೊಂಡು ಬಂದವನ ದನಿಯನ್ನು ತಂಡದ ಹಿರಿಯ ನಂದೀಶ್ವರಯ್ಯ ಎರಡು ಸಾಲು ಕೇಳಿ, ಮೂಲೆಯಲ್ಲಿ ಒರಗಿಸಿದ್ದ ನಾಲ್ಕು ತಂತಿಯ ಆ ಭಾರದ ಗಿಟಾರನ್ನು ತೋರಿಸಿದ್ದರು. ಅದನ್ನು ನುಡಿಸುತ್ತಿದ್ದವನು ಬಿಟ್ಟು ಹೋಗಿದ್ದ. ನಂದೀಶ್ವರಯ್ಯ ಹಾರ್ಮೋನಿಯಂ ಮೇಷ್ಟರು, ಮಾತು ಕಡಿಮೆ, ಮೊನಚು ಜಾಸ್ತಿ. ಇವನಿಗೋ ನಾಲ್ಕೇ ತಂತಿ ಸಾಲದು ಎಂಬ ಸಿಟ್ಟು. ಆ ಸಿಟ್ಟಿಗೆ ಒಂದು ಹಾಡಿನಲ್ಲಿ ಖಾಲಿ ಕಂಡ ಕಡೆಯೆಲ್ಲ ಬೆರಳು ತೂರಿಸಿ ನುಡಿಸಿದ. ಅದೇ ವರ್ಷ ಸೇರಿದ್ದ ಗಂಗಲಕ್ಷ್ಮಿ ಹಾಡುತ್ತಿದ್ದಳು. ಮೇಷ್ಟರು ಹಾರ್ಮೋನಿಯಂ ನಿಲ್ಲಿಸಿದರು.

'ತಿಮ್ಮರಾಜು, ಈಗ ಹಾಡ್ತಿದ್ದೋರು ಯಾರು?'

'ಗಂಗಲಕ್ಷ್ಮಿ, ಸಾ.'

'ಜನಕ್ಕೆ ಅದು ಗೊತ್ತಾಗೋ ಹಂಗೆ ನುಡ್ಸು.'

ಆಮೇಲೆ ಒಂದು ತಿಂಗಳು ಅವನಿಗೆ ಶಿಕ್ಷೆ. ತಾಳದ ಮೊದಲ ಪೆಟ್ಟಿಗೆ ಒಂದೇ ಒಂದು ಸ್ವರ, ಅದರಾಚೆಗೆ ಏನೂ ಇಲ್ಲ. ಮೊದಲ ವಾರ ಕೈ ಕಡಿಯಿತು. ಎರಡನೇ ವಾರ ಅವಮಾನವಾಯಿತು. ಮೂರನೇ ವಾರ ಬೇರೆ ಮಾಡಲು ಏನೂ ಇಲ್ಲದ್ದರಿಂದ ಅವನು ಹಾಡನ್ನು ಕೇಳತೊಡಗಿದ. ಅವಳು ಮೇಲಕ್ಕೆ ಏರುವಾಗ ತಾನು ಕೆಳಗೇ ಉಳಿದರೆ ಅವಳ ಎತ್ತರ ಹೆಚ್ಚು ಕಾಣುತ್ತದೆ. ಮಾತು ದಟ್ಟವಾಗಿರುವಲ್ಲಿ ತನ್ನದು ತೆಳ್ಳಗಿರಬೇಕು. ಪಲ್ಲವಿ ಮುಗಿದಾಗ ಮೂರೇ ಹೆಜ್ಜೆ ನಡೆದು ಚರಣದ ಬಾಗಿಲು ತೋರಿಸಿ ಅಲ್ಲೇ ನಿಂತುಬಿಡಬೇಕು, ಒಳಗೆ ಹೋಗುವವಳು ಅವಳು. ಡೋಲಕ್ಕಿನ ಗುಂ ಎನ್ನುವ ಪೆಟ್ಟು ಮತ್ತು ತನ್ನ ಸ್ವರ ಒಂದೇ ಕ್ಷಣಕ್ಕೆ ಬಿದ್ದರೆ ಎರಡೂ ಬೇರೆಬೇರೆ ಕೇಳುವುದಿಲ್ಲ. ಹಾಡಿಗೆ ನೆಲ ಸಿಕ್ಕಿತು ಅನ್ನಿಸುತ್ತದೆ ಅಷ್ಟೇ. ಇಷ್ಟೆಲ್ಲ ಮಾಡಿದವನನ್ನು ಯಾರಾದರೂ ಹೊಗಳುತ್ತಾರೆಯೇ ಎಂದರೆ, ಇಲ್ಲ. ಒಮ್ಮೆ ಕೊರಟಗೆರೆಯಲ್ಲಿ ಹಾಡಿನ ನಡುವೆ ಅವನ ಡಬ್ಬ ಕೆಟ್ಟು ಬೇಸು ನಿಂತುಹೋದಾಗ ಮುಂದಿನ ಸಾಲಿನಲ್ಲಿದ್ದ ಮುದುಕರೊಬ್ಬರು ತಲೆಯೆತ್ತಿ 'ಏನೋ ಟೊಳ್ಳಾಯ್ತಲ್ಲ' ಎಂದರು. ತಿಮ್ಮರಾಜುವಿಗೆ ಸಿಕ್ಕಿದ ಏಕೈಕ ಪ್ರಶಸ್ತಿ ಅದು. ಅದನ್ನು ಅವನು ಮನೆಗೆ ಬಂದು ಹೆಂಡತಿಗೆ ಹೇಳಿದ.

ಹೆಂಡತಿ ರಾಜಲಕ್ಷ್ಮಮ್ಮನಿಗೆ ಬೇಸಿನ ವಿಷಯ ಚೆನ್ನಾಗಿ ಗೊತ್ತು. ಮನೆಯಲ್ಲಿ ಅವನು ಡಬ್ಬ ಇಲ್ಲದೆ ಅಭ್ಯಾಸ ಮಾಡುವಾಗ ಗಿಟಾರಿನ ತಲೆಯನ್ನು ಮರದ ಬೀರುವಿಗೆ ಒತ್ತಿ ಹಿಡಿಯುತ್ತಾನೆ. ತಂತಿಯ ನಡುಕ ಬೀರುವಿಗೆ ಹತ್ತಿ, ಬೀರುವೇ ಮೆಲ್ಲಗೆ ಹಾಡುತ್ತದೆ. ಒಳಗಿಟ್ಟ ಸ್ಟೀಲಿನ ತಟ್ಟೆಗಳು ಜುಂ ಎನ್ನುತ್ತವೆ. 'ಇವತ್ತು ಬಾವಿ ಹಾಡಾ? ದೊಡ್ಡ ತಟ್ಟೆ ಅದುರ್ತೈತೆ' ಎಂದು ಅವಳು ಅಡುಗೆಮನೆಯಿಂದಲೇ ಕೂಗುತ್ತಿದ್ದಳು.

ಬಾವಿ ಹಾಡು ಎನ್ನುವುದು ತಂಡದವರು ಇಟ್ಟುಕೊಂಡ ಹೆಸರು. ಹಳೆಯ ಸಿನಿಮಾದ ಹಾಡು, ನಾಯಕಿ ಬಾವಿಕಟ್ಟೆಯ ಮೇಲೆ ಕೂತು ಹಾಡುತ್ತಾಳೆ. ಮಧುಗಿರಿ, ಶಿರಾ, ಕೊರಟಗೆರೆ ಸೀಮೆಯಲ್ಲಿ ಗಂಗಲಕ್ಷ್ಮಿ ಎಂದರೆ ಬಾವಿ ಹಾಡು, ಬಾವಿ ಹಾಡೆಂದರೆ ಗಂಗಲಕ್ಷ್ಮಿ. ಪಾವಗಡದ ಕಡೆ ತೆಲುಗು ಹಾಡು ಬೇಕೆಂದು ಕೂಗುವ ಜನ ಕೂಡ ಈ ಒಂದು ಹಾಡಿಗೆ ಸುಮ್ಮನಾಗುತ್ತಿದ್ದರು. ಅದರ ಎರಡನೇ ಚರಣದಲ್ಲಿ ಒಂದು ಉದ್ದದ ಸಾಲಿದೆ, ಒಂದೇ ಉಸಿರಿಗೆ ಹಾಡಬೇಕಾದದ್ದು. ಇಪ್ಪತ್ತೈದು ವರ್ಷ ಅವಳು ಅದನ್ನು ಒಂದೇ ಉಸಿರಿಗೆ ಹಾಡಿದಳು.

ಗಂಗಲಕ್ಷ್ಮಿಯದು ಚನ್ನರಾಯನದುರ್ಗ. ಬೆಟ್ಟದ ಬುಡದ ಅಂಗನವಾಡಿಯಲ್ಲಿ ಟೀಚರು. ಹಾಡುವುದು ನಿನಗೆ ಯಾಕಷ್ಟು ಮುಖ್ಯ ಎಂದು ರಾಜಲಕ್ಷ್ಮಮ್ಮ ಒಮ್ಮೆ ಕೇಳಿದಾಗ ಅವಳು ನಕ್ಕು, 'ಹಗಲೆಲ್ಲ ಮಕ್ಳಿಗೆ ಹಾಡ್ತೀನಿ ಕಣಕ್ಕ, ಅವು ನಿದ್ದೆ ಹೋಗ್ಬುಡ್ತವೆ. ದೊಡ್ಡೋರು ಎಚ್ಚರ ಇದ್ದು ಕೇಳೋದು ಸ್ಟೇಜ್ ಮೇಲೆ ಮಾತ್ರ' ಎಂದಿದ್ದಳು. ಅದನ್ನು ತಮಾಷೆಗೆ ಹೇಳಿದ್ದಳು. ತಿಮ್ಮರಾಜು ಮಾತ್ರ ಅದನ್ನು ಮರೆಯಲಿಲ್ಲ.

ಮೂರು ವರ್ಷದ ಹಿಂದೆ ಅವಳು ಶ್ವಾಸಕೋಶದ ಸೋಂಕಾಗಿ ತುಮಕೂರಿನಲ್ಲಿ ಹತ್ತೊಂಬತ್ತು ದಿನ ಆಸ್ಪತ್ರೆಯಲ್ಲಿದ್ದಳು. ಬದುಕಿ ಬಂದಳು. ದನಿಯೂ ಬಂತು. ಉಸಿರು ಮಾತ್ರ ಅರ್ಧವೇ ಉಳಿದಿತ್ತು. ಎದ್ದು ಬಂದ ಮೇಲಿನ ಮೊದಲ ಕಾರ್ಯಕ್ರಮದಲ್ಲಿ ಬಾವಿ ಹಾಡಿನ ಎರಡನೇ ಚರಣ ಬರುತ್ತಿದ್ದಂತೆ ಅವಳ ಬೆನ್ನ ಹಿಂದೆ ನಿಂತಿದ್ದ ತಿಮ್ಮರಾಜು ಅವಳ ಬಲಭುಜ ಮೇಲಕ್ಕೆದ್ದದ್ದನ್ನು ಕಂಡ. ಸಾಲಿನ ನಡುವೆಯೇ ಉಸಿರು ಮುಗಿದಿತ್ತು. ಅವನು ಯೋಚಿಸಲಿಲ್ಲ. ಹಿಡಿದಿದ್ದ ಕೆಳಗಿನ ಸ್ವರವನ್ನು ಬಿಡದೆ ಅರ್ಧ ಪೆಟ್ಟು ಎಳೆದ. ಬೇಸು ಎಳೆದದ್ದಕ್ಕೆ ಶಂಕರಲಿಂಗಪ್ಪನ ಕೈ ತಾನಾಗಿ ತಡೆಯಿತು. ಡೋಲಕ್ಕು ತಡೆದದ್ದಕ್ಕೆ ಕೀಬೋರ್ಡೂ ತಡೆಯಿತು. ಅಷ್ಟರಲ್ಲಿ ಅವಳು ಉಸಿರೆಳೆದುಕೊಂಡು ಉಳಿದ ಅರ್ಧ ಸಾಲನ್ನು ಹಾಡಿ ಮುಗಿಸಿದಳು. ಭಾವ ತುಂಬಿ ನಿಲ್ಲಿಸಿದಳು ಎಂದುಕೊಂಡ ಜನ ಚಪ್ಪಾಳೆ ಹೊಡೆದರು.

ಅಂದಿನಿಂದ ಪ್ರತಿ ಸಲವೂ ಹಾಗೆಯೇ ನಡೆಯಿತು. ಸ್ವರ ಎಳೆಯುವಾಗ ತಿಮ್ಮರಾಜು ಎಡಗಾಲಿನ ಹಿಮ್ಮಡಿ ಎತ್ತುತ್ತಿದ್ದ, ಬಿಡುವಾಗ ಇಳಿಸುತ್ತಿದ್ದ. ಈ ಬಗ್ಗೆ ಅವನೂ ಮಾತೆತ್ತಲಿಲ್ಲ, ಅವಳೂ ಮಾತೆತ್ತಲಿಲ್ಲ. ಅವಳಿಗೆ ಇದು ಗೊತ್ತಿದೆಯೋ ಇಲ್ಲವೋ ಎಂಬುದೂ ಅವನಿಗೆ ಗೊತ್ತಿರಲಿಲ್ಲ. ಅವಳು ಹಾಡುತ್ತಿದ್ದಾಳಲ್ಲ, ಅಷ್ಟು ಸಾಕಾಗಿತ್ತು.

ಇಂಥ ದಿನಗಳಲ್ಲೇ ಒಂದು ಬೆಳಗ್ಗೆ ನರಸಿಂಹರಾಜು ಮೋಟಾರಿನ ಅಂಗಡಿಗೆ ಬಂದ. ನಂದೀಶ್ವರಯ್ಯ ತೀರಿಕೊಂಡ ಮೇಲೆ ತಂಡವನ್ನು ನಡೆಸುತ್ತಿರುವವನು, ಕೀಬೋರ್ಡು ನುಡಿಸುವವನು ಇವನೇ. ಕೆಟ್ಟವನಲ್ಲ, ಕಾಲಕ್ಕೆ ಹೆದರಿದವನು. 'ರಾಜು, ತುಮಕೂರಿನಾಗೆ ಒಂದು ಸ್ಟುಡಿಯೋ ಮಾತಾಡಿದೀನಿ. ನಲವತ್ತು ಹಾಡಿಗೆ ಬೇಸ್ ಹೊಡ್ಕೊಡು. ಯಾರಾದ್ರೂ ಕೈ ಕೊಟ್ಟಾಗ ಅರ್ಜೆಂಟಿಗೆ ಇರ್ಲಿ ಅಂತ. ಬೇರೆಯೋರಿಗೆ ಹೇಳ್ಬೇಡ, ಸುಮ್ನೆ ಹೊಟ್ಟೆ ಉರ್ಕೊಂತಾರೆ' ಎಂದ.

ಸ್ಟುಡಿಯೋ! ಇಪ್ಪತ್ತಾರು ವರ್ಷ ಯಾರ ಕಿವಿಗೂ ಬೀಳದೆ ನುಡಿಸಿದವನಿಗೆ ಅದು ಎಂಥ ಮಾತು ಎಂದು ನೀವೇ ಯೋಚಿಸಿ. ತಿಮ್ಮರಾಜು ಇಸ್ತ್ರಿ ಅಂಗಿ ಹಾಕಿಕೊಂಡು ಹೋದ. ಗಾಜಿನ ಗೂಡಿನಲ್ಲಿ ಕೂರಿಸಿ ಕಿವಿಗೆ ಹೆಡ್‌ಫೋನು ಹಾಕಿದರು. ಅದರಲ್ಲಿ ಟಿಕ್ ಟಿಕ್ ಎಂದು ತಾಳ ಬೀಳುತ್ತಿತ್ತು. ಹಾಡುವವರು ಯಾರೂ ಇರಲಿಲ್ಲ. ಬೇಕಾಗಿರಲಿಲ್ಲ ಕೂಡ, ಹಾಡೆಲ್ಲ ಅವನಿಗೆ ಬಾಯಿಪಾಠ. ಎರಡು ದಿನ ಅವನು ಆ ಟಿಕ್‌ಟಿಕ್ಕಿನ ಮೇಲೆ ಕೂದಲೂ ಆಚೀಚೆ ಆಗದಂತೆ ನುಡಿಸಿದ. ಬಾವಿ ಹಾಡೂ ಅದರಲ್ಲಿತ್ತು. ಎರಡನೇ ಚರಣದ ಆ ಜಾಗ ಬಂದಾಗ ಕಣ್ಣೆದುರು ಯಾರ ಭುಜವೂ ಏಳಲಿಲ್ಲ, ಅವನೂ ನಿಲ್ಲಲಿಲ್ಲ. ಅಲ್ಲಿ ನಿಲ್ಲಬೇಕೆಂಬ ನೆನಪೇ ಬರಲಿಲ್ಲ. ರೆಕಾರ್ಡು ಮಾಡಿದವನು 'ಸಾರ್, ಒಂದೇ ಒಂದು ಕರೆಕ್ಷನ್ ಇಲ್ಲ' ಎಂದಾಗ ತಿಮ್ಮರಾಜುವಿನ ಕಣ್ಣು ಒದ್ದೆಯಾಯಿತು. ಸಂಜೆ ಮನೆಗೆ ಬಂದು, ಹೆಂಡತಿಗೆ ಮಾತ್ರ ಹೇಳಿದ.

ಎರಡು ತಿಂಗಳಿಗೆ ಟ್ರ್ಯಾಕು ಬಂತು. ಶಂಕರಲಿಂಗಪ್ಪ ಹೋದ. ತಿಮ್ಮರಾಜುವಿನ ವೈರು ಕಾರ್ಪೆಟ್ಟಿನ ಕೆಳಗೆ ಮಲಗಿತು.

ಟ್ರ್ಯಾಕಿನ ಮೇಲೆ ಗಂಗಲಕ್ಷ್ಮಿ ಬಾವಿ ಹಾಡು ಹಾಡಿದ ಮೊದಲ ದಿನ ಎರಡನೇ ಚರಣದಲ್ಲಿ ಅವಳ ಭುಜ ಎದ್ದಿತು. ಅವನ ಹಿಮ್ಮಡಿಯೂ ಎದ್ದಿತು, ಬೆರಳು ಸತ್ತ ತಂತಿಯನ್ನು ಒತ್ತಿ ಹಿಡಿದು ಕಾಯಿತು. ಆದರೆ ಸ್ಪೀಕರಿನಿಂದ ಬರುತ್ತಿದ್ದ ಬೇಸು ಕಾಯಲಿಲ್ಲ. ಅದು ಅವನದೇ ಬೇಸು, ಅವನದೇ ಬೆರಳಿನ ಒತ್ತು, ಚರಣದ ಬಾಗಿಲಿಗೆ ನಡೆಯುವ ಅವನದೇ ಮೂರು ಹೆಜ್ಜೆ. ಅದು ಅವಳನ್ನು ದಾಟಿಕೊಂಡು ಮುಂದೆ ಹೋಯಿತು. ಅವಳು ಅರ್ಧ ಸಾಲು ನುಂಗಿ, ಓಡಿ ಹಿಡಿಯಲು ಹೋಗಿ, ಮುಂದಿನ ಸಾಲಿನಲ್ಲಿ ಸ್ವರ ತಪ್ಪಿದಳು. ಜನರಲ್ಲಿ ಯಾರೋ ಸಿಳ್ಳೆ ಹಾಕಿದರು. ಅವಳು ಒಮ್ಮೆ ತಿರುಗಿ ಅವನ ಪಾದದ ಕಡೆ ನೋಡಿದಳು. ಅವನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಅಂದೇ ಅವಳಿಗೆ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ನರಸಿಂಹರಾಜುವಿಗೆ ಮಾತು ಕೊಟ್ಟಿದ್ದೇನೆ ಎಂಬುದು ನೆಪವಾಗಿತ್ತು. ನಿಜ ಏನೆಂದರೆ ಅವನಿಗೆ ನಾಚಿಕೆಯಾಗಿತ್ತು. ಅವಳ ಎರಡು ಹಾಡಿಗಾದರೂ ಮೊದಲಿನಂತೆ ಕೈಯಲ್ಲೇ ನುಡಿಸೋಣ ಎಂದು ನರಸಿಂಹರಾಜುವನ್ನು ಎಷ್ಟೋ ಸಲ ಕೇಳಿದ. 'ಡೋಲಕ್ ಇಲ್ಲ, ಪಿಟೀಲಿಲ್ಲ, ನಿನ್ನದೊಂದೇ ಬೇಸ್ ಇಟ್ಕಂಡು ಏನ್ ಮಾಡ್ಲಿ? ಜನಕ್ಕೆ ಸಿನಿಮಾದಲ್ಲಿ ಇದ್ದಂಗೇ ಕೇಳ್ಬೇಕು ಕಣ್ಲಾ ಈಗ' ಎಂದು ಅವನು ಪ್ರತಿ ಸಲವೂ ಅದನ್ನೇ ಹೇಳಿದ.

ಹೀಗೇ ಒಂದೂವರೆ ವರ್ಷ ಕಳೆಯಿತು. ಅವಳ ಹಾಡು ನಾಲ್ಕರಿಂದ ಎರಡಾಯಿತು, ಎರಡು ಒಂದಾಯಿತು. ರಕ್ಷಾ ಎಂಬ ಹೊಸ ಹುಡುಗಿ ಬಂದಳು. ಚೆನ್ನಾಗಿ ಹಾಡುತ್ತಾಳೆ, ಎದೆಯ ತುಂಬ ಉಸಿರಿದೆ, ಅವಳನ್ನು ದೂರುವಂತಿಲ್ಲ. ಕೊನೆಗೆ ಈ ಕಾರ್ತಿಕದಲ್ಲಿ ನರಸಿಂಹರಾಜು ತಿಮ್ಮರಾಜುವನ್ನು ಪಕ್ಕಕ್ಕೆ ಕರೆದ. 'ಹುಲಿಕುಂಟೇಲಿ ಡೈರಿ ಕಟ್ಟಡದ ಓಪನಿಂಗ್ ಐತೆ. ಅಲ್ಲಿ ಬಾವಿ ಹಾಡು ಗಂಗಮ್ಮಂಗೇ ಕೊಡ್ತೀನಿ. ಹಿಂದೆ ಬೀಳದಂಗೆ ಹಾಡಿದ್ರೆ ಇರ್ಲಿ. ಬಿದ್ರೆ ಆ ಹಾಡೂ ರಕ್ಷಾಗೆ. ನನ್ನ ಬಯ್ಕಬ್ಯಾಡ ರಾಜು, ಬ್ಯಾನರ್ ನಂದು' ಎಂದ.

ಆ ವಾರವೆಲ್ಲ ತಿಮ್ಮರಾಜು ಬೀರುವಿಗೆ ಗಿಟಾರು ಒತ್ತಿಕೊಂಡು, ಫೋನಿನಲ್ಲಿ ಟ್ರ್ಯಾಕು ಹಾಕಿಕೊಂಡು, ತನ್ನ ಜೊತೆ ತಾನೇ ನುಡಿಸಿದ. ಒಂದು ಉಪಾಯ ಹೊಳೆದಿತ್ತು. ಹುಲಿಕುಂಟೆಯಲ್ಲಿ ವೈರನ್ನು ನಿಜವಾಗಿ ಚುಚ್ಚುವುದು. ಅವಳ ಮುಂದಿನ ಸಣ್ಣ ಸ್ಪೀಕರಿಗೆ ಮಾತ್ರ ತನ್ನ ಬೇಸನ್ನು ಕೊಡಿಸುವುದು. ಟ್ರ್ಯಾಕಿನ ಮೇಲೆ ಕರಾರುವಾಕ್ಕಾಗಿ ನುಡಿಸುವುದು, ಎಲ್ಲೂ ನಿಲ್ಲದೆ. ಬೆನ್ನಿಗೆ ಅಣ್ಣ ಇದ್ದಾನೆ ಎಂದು ಅವಳಿಗೆ ಧೈರ್ಯ ಬಂದರೆ ಉಸಿರೂ ಬರುತ್ತದೆ. 'ಇದ್ರಿಂದ ಒಳ್ಳೇದಾಯ್ತದಾ?' ಎಂದು ರಾಜಲಕ್ಷ್ಮಮ್ಮ ಕೇಳಿದಳು. 'ಆಗೇ ಆಯ್ತದೆ' ಎಂದ.

ಹುಲಿಕುಂಟೆಯಲ್ಲಿ ಬೆಳಗ್ಗೆ ಹನ್ನೊಂದಕ್ಕೆ ಕಾರ್ಯಕ್ರಮ. ಪೆಂಡಾಲಿನ ಹಿಂದೆ ಬಹುಮಾನಕ್ಕೆಂದು ತಂದು ಕಟ್ಟಿದ್ದ ಹಸುಗಳು ಮೆಲುಕು ಹಾಕುತ್ತಿದ್ದವು. ಹಾಲಿನ ಕ್ಯಾನು ಪಕ್ಕಕ್ಕಿಟ್ಟುಕೊಂಡು ಹೆಂಗಸರು ಮುಂದೆಯೇ ಕೂತಿದ್ದರು. ಶಿರಾದಿಂದ ಬಂದಿದ್ದ ಸೌಂಡಿನವನಿಗೆ ತಿಮ್ಮರಾಜು ಕಿವಿಯಲ್ಲಿ ವಿಷಯ ಹೇಳಿದ. 'ಅಷ್ಟೇ ತಾನೆ ಭಾಯ್, ಕೊಟ್ರಾಯ್ತು' ಎಂದು ಅವನು ವೈರು ಚುಚ್ಚಿಕೊಂಡ. ಒಂದೂವರೆ ವರ್ಷದ ಮೇಲೆ ತಂತಿಗೆ ಜೀವ ಬಂತು.

ಬಾವಿ ಹಾಡು ಶುರುವಾಯಿತು. ಪಲ್ಲವಿಯ ಎರಡನೇ ಸಾಲಿಗೆ ಗಂಗಲಕ್ಷ್ಮಿಯ ತಲೆ ಸ್ವಲ್ಪವೇ ಓರೆಯಾಯಿತು. ಕೇಳಿಸಿಕೊಂಡಿದ್ದಳು. ಮೊದಲ ಚರಣ ಚೆನ್ನಾಗಿ ಹೋಯಿತು, ವರ್ಷಗಳಿಂದ ಅಷ್ಟು ಚೆನ್ನಾಗಿ ಅವಳು ಹಾಡಿರಲಿಲ್ಲ. ಹಾಲಿನ ಹೆಂಗಸರು ಸೆರಗನ್ನು ಬಾಯಿಗೆ ಹಿಡಿದು ಕೇಳುತ್ತಿದ್ದರು. ನರಸಿಂಹರಾಜು ಕೂಡ ತಿರುಗಿ ನೋಡಿ ತಲೆದೂಗಿದ.

ಎರಡನೇ ಚರಣದ ಉದ್ದದ ಸಾಲು ಬಂತು. ನಿಲ್ಲಬಾರದು, ನಿಲ್ಲಬಾರದು ಎಂದು ಅವನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದ. ಅವಳ ಬಲಭುಜ ಎದ್ದಿತು. ಅವನ ಹಿಮ್ಮಡಿ ಎದ್ದಿತು, ಬೆರಳು ಸ್ವರವನ್ನು ಹಿಡಿದುಕೊಂಡುಬಿಟ್ಟಿತು. ಮನಸ್ಸಿಗೆ ಹೇಳಿದ್ದ, ಕೈಗೆ ಹೇಳಲು ಆಗಿರಲಿಲ್ಲ.

ಆಗ ಎರಡು ಬೇಸುಗಳು ಕೇಳಿದವು. ದೊಡ್ಡ ಸ್ಪೀಕರಿನಲ್ಲಿ ಒಬ್ಬ ತಿಮ್ಮರಾಜು ನಡೆದು ಹೋಗುತ್ತಿದ್ದ. ಅವಳ ಕಾಲ ಬಳಿಯ ಸಣ್ಣ ಸ್ಪೀಕರಿನಲ್ಲಿ ಇನ್ನೊಬ್ಬ ತಿಮ್ಮರಾಜು ನಿಂತಿದ್ದ. ಗಂಗಲಕ್ಷ್ಮಿ ನಿಂತವನನ್ನು ನಂಬಿದಳು. ಕಣ್ಣು ಮುಚ್ಚಿ, ನಿಧಾನವಾಗಿ, ಎದೆ ತುಂಬ ಉಸಿರೆಳೆದುಕೊಂಡಳು. ಕಣ್ಣು ಬಿಟ್ಟು ಹಾಡಲು ಬಾಯಿ ತೆರೆದಾಗ ಹಾಡು ಒಂದು ಸಾಲು ಮುಂದೆ ಹೋಗಿತ್ತು. ಅವಳು ಬಿಟ್ಟಲ್ಲಿಂದ ಹಾಡಿದಳು, ಟ್ರ್ಯಾಕು ಬೇರೆಲ್ಲೋ ಇತ್ತು. ಸ್ವರಕ್ಕೆ ಸ್ವರ ಹೊಂದದೆ ಕೇಳಲು ಅಸಹ್ಯವಾಯಿತು. ಮುಂದಿನ ಸಾಲಿನಲ್ಲಿ ನಗು ಹುಟ್ಟಿ ಹಿಂದಿನವರೆಗೆ ಹೋಯಿತು. ನರಸಿಂಹರಾಜು ಟ್ರ್ಯಾಕು ನಿಲ್ಲಿಸಿ, ಮೈಕಿನಲ್ಲಿ ಕ್ಷಮೆ ಕೇಳಿ, ರಕ್ಷಾಳನ್ನು ಮುಂದಕ್ಕೆ ಕರೆದ. ಗಂಗಲಕ್ಷ್ಮಿ ಮೈಕನ್ನು ಅವಳ ಕೈಗೆ ಕೊಟ್ಟು, ಜನರಿಗೆ ಕೈಮುಗಿದು ಇಳಿದಳು. ತಂಡದ ವ್ಯಾನಿಗೂ ಕಾಯದೆ ಬಸ್ಸಿಗೆ ಹೋಗಿಬಿಟ್ಟಳು.

ಒಂಬತ್ತು ದಿನ ತಿಮ್ಮರಾಜು ಬೀರುವಿನ ಹತ್ತಿರ ಸುಳಿಯಲಿಲ್ಲ. 'ತಟ್ಟೆ ಸದ್ದೇ ಇಲ್ವಲ್ಲ' ಎಂದು ರಾಜಲಕ್ಷ್ಮಮ್ಮ ಕೇಳಿದಳು. ಹತ್ತನೇ ದಿನ ಮಧ್ಯಾಹ್ನ ಚನ್ನರಾಯನದುರ್ಗಕ್ಕೆ ಹೋದ. ಅಂಗನವಾಡಿಯಲ್ಲಿ ಊಟ ಮುಗಿದು ಮಕ್ಕಳು ಚಾಪೆಯ ಮೇಲೆ ಸಾಲಾಗಿ ಮಲಗಿದ್ದವು. ಗಂಗಲಕ್ಷ್ಮಿ ಬಾಗಿಲಲ್ಲಿ ಕೂತು ಹಾಜರಿ ಪುಸ್ತಕ ತುಂಬುತ್ತಿದ್ದಳು.

'ಬಾ ಅಣ್ಣ. ಮೆತ್ತಗೆ, ಈಗ ತಾನೆ ಮಲಗವೆ' ಎಂದಳು.

ಅವನು ಮೆಟ್ಟಿಲ ಮೇಲೆ ಕೂತ. 'ತಪ್ಪಾಯ್ತು ಕಣಮ್ಮ ನಂದು' ಎಂದ.

'ನಿಂದೇನು ತಪ್ಪು?' ಅವಳು ಫೋನು ತೆಗೆದು ತೋರಿಸಿದಳು. ಅದರಲ್ಲಿ ಬಾವಿ ಹಾಡಿನ ಟ್ರ್ಯಾಕಿತ್ತು. 'ನರಸಿಂಹರಾಜಣ್ಣನ ಹತ್ರ ಕೇಳಿ ಹಾಕಿಸ್ಕಂಡಿದ್ದೆ. ಮಕ್ಳು ಮನೆಗೆ ಹೋದ್ಮೇಲೆ ಇಲ್ಲೇ ಕುಂತು ಎರಡು ತಿಂಗ್ಳು ಕಲ್ತೆ. ಆ ಉದ್ದದ ಸಾಲೈತಲ್ಲ, ಅದ್ರಾಗೆ ಎರಡಕ್ಷರ ನುಂಗಿ ಅಲ್ಲೇ ಒಂಚೂರು ಉಸಿರು ಎಳ್ಕಂಡ್ರೆ ಸಾಕು, ಟ್ರ್ಯಾಕ್ ಜೊತೆಗೇ ಹೋಗ್ಬೌದು. ಯಾರ್ಗೂ ಗೊತ್ತಾಗಲ್ಲ. ನಿಂಗೂ ಹೇಳಿರ್ಲಿಲ್ಲ, ಅವತ್ತು ಹಾಡಿ ತೋರುಸ್ಬೇಕು ಅಂತಿದ್ದೆ.'

ತಿಮ್ಮರಾಜು ಫೋನಿನಿಂದ ತಲೆಯೆತ್ತಿದ. 'ಮತ್ತೆ ಅವತ್ತು?'

'ಅವತ್ತು ನಿನ್ನ ಬೇಸು ಕೇಳ್ತಲ್ಲ. ಎಷ್ಟು ದಿನ ಆಗಿತ್ತು! ಓರೆಗಣ್ಣಾಗೆ ನಿನ್ನ ಹಿಮ್ಮಡಿ ಎದ್ದಿದ್ದೂ ಕಂಡೆ. ಅಣ್ಣ ನಿಂತವ್ನೆ, ನಾನ್ಯಾಕೆ ಓಡ್ಲಿ ಅಂತ ನಿಂತ್ಬುಟ್ಟೆ.' ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಅವನಿಗೆ ಎಷ್ಟೋ ಹಗುರವಾಗುತ್ತಿತ್ತು. 'ಹೋಗ್ಲಿ ಬುಡು. ಅವತ್ತೊಂದಿನ ಎದೆ ತುಂಬ ಉಸಿರು ತಗಂಡೆ.'

ಅವನು ತನಗಾಗಿ ಸ್ವರ ಎಳೆಯುತ್ತಿದ್ದದ್ದು ಅವಳಿಗೆ ಗೊತ್ತಿತ್ತು, ಮೊದಲ ದಿನದಿಂದಲೂ. ಅವಳು ಫೋನನ್ನು ಕೈಯಲ್ಲೇ ಆಡಿಸುತ್ತಾ ಕೇಳಿದಳು. 'ಅಣ್ಣ, ಒಂದು ಕೇಳ್ಲಾ? ಈ ಟ್ರ್ಯಾಕ್‌ನಾಗೆ ಬೇಸ್ ಹೊಡ್ದಿರೋನು ಯಾರು? ಕೈ ಚೆಂದಾಗೈತೆ. ಥೇಟ್ ನಿನ್ನಂಗೇ. ಆದ್ರೆ ಮನುಷ್ಯರು ಹಾಡೋದ್ನ ಅವ್ನು ಒಂದಿನಾನೂ ನೋಡಿಲ್ಲ.'

'ನಾನೇ ಕಣಮ್ಮ ಅದು' ಎಂದ ತಿಮ್ಮರಾಜು.

ಅವಳು ಅವನ ಮುಖ ನೋಡಿದಳು. ಸದ್ದಾಗದಂತೆ ನಕ್ಕಳು, ನಗು ಕೆಮ್ಮಾಯಿತು, ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. 'ಸುಮ್ಕಿರು. ನನ್ನ ಸಮಾಧಾನಕ್ಕೆ ಊರಿನ ತಪ್ಪೆಲ್ಲ ಮೈಮೇಲೆ ಎಳ್ಕಬ್ಯಾಡ. ನೀನಾಗಿದ್ರೆ ನಿಲ್ತಿದ್ದೆ.'

'ನಾನೇ ಗಂಗಾ. ತುಮಕೂರಿನಾಗೆ, ಎರಡು ದಿನ...'

ಚಾಪೆಯ ಮೇಲಿನ ಮಗುವೊಂದು ಎದ್ದು ಅಳತೊಡಗಿತು. ಅವಳು ಒಳಗೆ ಹೋಗಿ ಅದರ ಬೆನ್ನು ತಟ್ಟುತ್ತಾ ಏನನ್ನೋ ಗುನುಗಿದಳು. ಎರಡು ಸಾಲಿಗೊಮ್ಮೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದಳು. ಮಗು ಮಲಗಿದ ಮೇಲೆ ಬಾಗಿಲಿಗೆ ಬಂದು, 'ಏನೋ ಅಂತಿದ್ಯಲ್ಲ?' ಎಂದಳು.

'ಏನಿಲ್ಲ. ಬಸ್ಸಿನ ಹೊತ್ತಾಯ್ತು' ಎಂದು ಅವನು ಎದ್ದ. ಇನ್ನೊಮ್ಮೆ ಹೇಳುವ ಶಕ್ತಿ ಅವನಲ್ಲಿ ಉಳಿದಿರಲಿಲ್ಲ.

ಕಳೆದ ತಿಂಗಳು ಕೊರಟಗೆರೆಯಲ್ಲಿ ಒಂದು ಆರತಕ್ಷತೆ. ಗಂಗಲಕ್ಷ್ಮಿಯ ಜಾಗಕ್ಕೆ ಎಂಟನೆಯವಳಾಗಿ ಬೇರೆ ಯಾರನ್ನೋ ತಂದು ನಿಲ್ಲಿಸಿದ್ದರು, ತಲೆ ಲೆಕ್ಕ ಸರಿಯಾಗಿತ್ತು. ಬಾವಿ ಹಾಡನ್ನು ರಕ್ಷಾ ಹಾಡಿದಳು. ಎರಡನೇ ಚರಣದ ಉದ್ದದ ಸಾಲನ್ನು ಒಂದೇ ಉಸಿರಿನಲ್ಲಿ ನಿರಾಯಾಸವಾಗಿ ಹಾಡಿ ಮುಂದಕ್ಕೆ ಹೋದಳು. ಅವಳ ಭುಜ ಅಲುಗಲಿಲ್ಲ. ಸ್ಪೀಕರಿನ ತಿಮ್ಮರಾಜುವೂ ಅವಳ ಜೊತೆ ಒಂದು ಕೂದಲೂ ತಪ್ಪದೆ ಹೋದ. ಕಾರ್ಪೆಟ್ಟಿನ ಮೇಲಿನ ತಿಮ್ಮರಾಜು ಹಿಮ್ಮಡಿ ಎತ್ತಿ, ಸತ್ತ ತಂತಿಯನ್ನು ಒತ್ತಿ ಹಿಡಿದು, ಅರ್ಧ ಪೆಟ್ಟು ನಿಂತ. ಆ ಅರ್ಧ ಪೆಟ್ಟು ಹಿಂದೆ ಬಿದ್ದ ಬೆರಳು ಆಮೇಲೆ ಹಾಡು ಮುಗಿಯುವವರೆಗೂ ಟ್ರ್ಯಾಕನ್ನು ಕೂಡಿಕೊಳ್ಳಲಿಲ್ಲ.

ಸಾಮಾನು ಕಟ್ಟುವಾಗ ನರಸಿಂಹರಾಜು ಹತ್ತಿರ ಬಂದು ಮೆಲ್ಲಗೆ ಹೇಳಿದ. 'ರಾಜು, ಆ ಹಾಡಿನಾಗೆ ನಿನ್ನ ಕೈ ಮ್ಯಾಚ್ ಆಗ್ತಿಲ್ಲ ಕಣೋ. ವಿಡಿಯೋದಾಗೆ ಎದ್ದು ಕಾಣ್ತದೆ. ಎರಡನೇ ಚರಣದಾಗೆ ಯಾಕೆ ನಿಂತ್ಕತೀಯ?'

'ಅದು ಉಸಿರು ತಗೊಳ್ಳೋ ಜಾಗ' ಎಂದ ತಿಮ್ಮರಾಜು.

'ಯಾರು? ರಕ್ಷಾ ಅಲ್ಲಿ ಉಸಿರೇ ತಗಳಲ್ವಲ್ಲೋ.'

ತಿಮ್ಮರಾಜು ಕಾರ್ಪೆಟ್ಟಿನ ಕೆಳಗಿನಿಂದ ವೈರನ್ನು ಎಳೆದು ಮೊಣಕೈಗೂ ಅಂಗೈಗೂ ಸುತ್ತಿಕೊಳ್ಳುತ್ತಿದ್ದ. 'ಹೂಂ, ತಗಳಲ್ಲ. ನೋಡ್ಕಂತೀನಿ' ಎಂದು ಹೇಳಿ ಸುತ್ತುವುದನ್ನು ಮುಂದುವರಿಸಿದ.